ಎರಡು ಮನೆಗೆ ಒಂದೇ ನಡುಗೋಡೆ

ಬಳ್ಳಾರಿ
೧೮ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ಶಬ್ಬು,

ನೀನೂ ನಿನ್ನ ಮನೆಯವರೂ ಮಗ ಮುಬಶೀರನೂ ಆರಾಮ ಇದ್ದೀರಿ, ಚಿಗವ್ವನ ಮಂಡಿನೋವು ಕಡಿಮೆಯಾಗಿದೆ ಅಂದುಕೊಂಡು ಶುರು ಮಾಡುತ್ತೇನೆ. ನಾವಿಲ್ಲಿ ಉಂಡು ತಿಂದು ಇದ್ದೇವೆ, ಚೆನ್ನಾಗಿದ್ದೇವೆ ಅಂತ ಬರೆದರೆ ಸುಳ್ಳಾಗುತ್ತದೆ. ಕಾಗದ ಬರೆಯುವುದು ತಡವಾಯಿತು, ಕ್ಷಮಿಸು. ಆದರೆ ಈ ತಡದಲ್ಲಿ ಅರ್ಧ ಪಾಲು ನಿನ್ನದೂ ಇದೆ. ಫೋನ್ ಮಾಡಿದರೆ ಎತ್ತುವುದಿಲ್ಲ, ಮೆಸೇಜ್ ಹಾಕಿದರೆ ಒಂದೇ ಟಿಕ್ಕಿನಲ್ಲಿ ನಿಂತುಬಿಡುತ್ತದೆ. ಆದೋನಿಯಲ್ಲಿ ನೆಟ್‌ವರ್ಕ್ ಕೆಟ್ಟಿರಬೇಕು ಅಂತ ನಾನು ಪೆದ್ದಿಯ ಹಾಗೆ ಕಾದೆ. ಕೊನೆಗೆ ನಮ್ಮ ಮನೆಯವರೇ, ಕೆಟ್ಟಿರುವುದು ನೆಟ್‌ವರ್ಕ್ ಅಲ್ಲ, ನಿನ್ನ ಗೆಳತಿ ನಿನ್ನನ್ನು ಬ್ಲಾಕ್ ಮಾಡಿದ್ದಾಳೆ ಅಂತ ಬಿಡಿಸಿ ಹೇಳಿದರು. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ.

ಸುತ್ತಿ ಬಳಸಿ ಬರೆಯುವುದಿಲ್ಲ. ನಾನು ಕೇಳುವುದು ಒಂದೇ. ರಂಜಾನಿನ ಚಂದ್ರ ಕಾಣುವುದರೊಳಗೆ ನಿಮ್ಮಮ್ಮ ಬಾನುಬೀ ಚಿಗವ್ವನನ್ನು ಸಿರುಗುಪ್ಪಕ್ಕೆ, ಅವಳ ಮನೆಗೆ ಕಳಿಸಿಕೊಡು. ಮನೆ ಎಲ್ಲಿದೆ ಅಂತ ನೀನು ಕೇಳುತ್ತೀ. ಕೇಳಬೇಕಾದ್ದೇ. ನೀನು ಬಂದು ನೋಡಿದಾಗ ಅಲ್ಲಿ ಮಣ್ಣಿನ ಗುಡ್ಡೆ, ಒಂದು ನೀಲಿ ತಾಡಪತ್ರಿ, ಅದರ ಕೆಳಗೆ ನಿಮ್ಮಮ್ಮ ಇದ್ದಳು. ನಾನು ಇರಲಿಲ್ಲ. ಓಣಿಯಲ್ಲಿ ಯಾರು ಯಾರು ನಿನಗೆ ಏನೇನು ಹೇಳಿದರೋ ಗೊತ್ತಿಲ್ಲ. ಪಂಪಾವತಿ ಸೈಕಲ್ಲಿನವರನ್ನು ಕರೆತಂದು ತನ್ನ ತಾಯಿಗೆ ಮನೆ ಕಟ್ಟಿಸಿಕೊಂಡಳು, ಬಾನುಬೀ ಮನೆ ಕೆಡವಿದಳು ಅಂತ ಹೇಳಿದರಂತೆ. ಅದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ. ಸಿಟ್ಟು ಬಂದರೆ ಕಾಗದ ಹರಿ, ಆದರೆ ಓದಿ ಹರಿ.

ಸೈಕಲ್ ಹುಚ್ಚು ನನಗೆ ಹೇಗೆ ಹಿಡಿಯಿತು ಅನ್ನುವುದು ನಿನಗೆ ಗೊತ್ತು. ಲ್ಯಾಬಿನಲ್ಲಿ ದಿನವೂ ಊರವರ ರಕ್ತದ ಸಕ್ಕರೆ ನೋಡಿ ನೋಡಿ, ಒಂದು ದಿನ ನನ್ನದನ್ನೇ ನೋಡಿಕೊಂಡು ಹೆದರಿದೆ. ಕೋಟೆ ಗುಡ್ಡದ ಸುತ್ತ ಮುಂಜಾನೆ ಸೈಕಲ್ ತುಳಿಯುವ ಹೆಂಗಸರ ಗುಂಪು ಸೇರಿದೆ. ನಿನಗೆ ಹೇಳಿದಾಗ, "ಲೇ ಪಂಪಿ, ಸಾಲಿಗೆ ಹೋಗಾಗ ಬಾಡಿಗಿ ಸೈಕಲ್ ಮ್ಯಾಲಿಂದ ಕಾಲುವಿಗೆ ಬಿದ್ದಾಕಿ ನೀನು" ಅಂತ ಅರ್ಧ ತಾಸು ನಕ್ಕಿದ್ದೆ. ಆ ಗುಂಪಿಗೇ "ಸೂರು ಸವಾರಿ"ಯ ಸುದ್ದಿ ಬಂತು. ಅವರು ಪ್ರತಿ ಚಳಿಗಾಲ ಮೈಸೂರಿನಿಂದ ಬೀದರಿನವರೆಗೆ ಸೈಕಲ್ ತುಳಿಯುತ್ತಾರೆ. ತುಳಿದ ದಾರಿಗೆ ತಕ್ಕ ಹಾಗೆ ಅವರವರ ಬಳಗದವರು ದಾನ ಕೊಡುತ್ತಾರೆ. ದಾರಿಯಲ್ಲಿ ಕೆಲವು ಊರಲ್ಲಿ ನಿಂತು, ಸೂರು ಇಲ್ಲದ ಒಬ್ಬರಿಗೆ ತಾವೇ ಕೈಯಾರೆ ಮನೆ ಕಟ್ಟಿಕೊಟ್ಟು ಮುಂದೆ ಹೋಗುತ್ತಾರೆ. ಈ ಸಲ ನಮ್ಮ ಕಡೆ ಕುರುಗೋಡು, ಸಿರುಗುಪ್ಪ ಎರಡು ಊರಲ್ಲಿ ನಿಲ್ಲುವುದಿತ್ತು. ಕಟ್ಟುವ ಕೆಲಸ ನೋಡಿಕೊಳ್ಳುವವನು ಭೀಮರಾಜ ಅಂತ, ಕುಡತಿನಿಯಲ್ಲಿ ಕೆಲಸದಲ್ಲಿರುವ ಎಂಜಿನಿಯರ್ ಹುಡುಗ. ನಾನು ಬಳ್ಳಾರಿಯಿಂದ ಅವರ ಜೊತೆ ಸೇರಿಕೊಂಡೆ.

ಬಳ್ಳಾರಿಯಿಂದ ಕುರುಗೋಡಿಗೆ ಬಸ್ಸಿನಲ್ಲಿ ಹೋಗುವಾಗ ಒಂದು ನಿದ್ದೆ ಸಹ ಆಗುವುದಿಲ್ಲ. ಸೈಕಲ್ಲಿನಲ್ಲಿ ಹೋದರೆ ಮೈಯ ಒಂದೊಂದು ಎಲುಬೂ ತನ್ನ ಹೆಸರು ಹೇಳುತ್ತದೆ. ರಸ್ತೆ ಬದಿಗೆ ಒಣಹಾಕಿದ ಮೆಣಸಿನಕಾಯಿ ಘಾಟಿಗೆ ಎಲ್ಲರೂ ಸೀನುವವರೇ. ಮೈಸೂರಿನಿಂದ ಬಂದ ಹುಡುಗಿಯರು ಆ ಕೆಂಪು ರಾಶಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಆಮೇಲೆ ಅದೇ ಕೈಯಿಂದ ಕಣ್ಣು ಒರೆಸಿಕೊಂಡು ಅತ್ತರು. ಕುರುಗೋಡಿನಲ್ಲಿ ಮಾರೆಮ್ಮ ಅನ್ನುವ ಹೆಂಗಸಿಗೆ ಮನೆ. ಗುಡಿಸಲು ಸುಟ್ಟು ಹೋಗಿ ವರ್ಷವಾಗಿತ್ತು. ನಾವು ಇಟ್ಟಿಗೆ ಹೊತ್ತೆವು, ಸಿಮೆಂಟ್ ಕಲಸಿದೆವು, ಅವಳು ಪಕ್ಕದಲ್ಲಿ ಕೂತು ನಮ್ಮನ್ನೆಲ್ಲ ಬೈದಳು. ಕೀಲಿ ಕೊಟ್ಟ ದಿನ ಮಾತ್ರ ಬೈಗುಳ ನಿಂತಿತು. ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ. ಶಬ್ಬು, ಅಂಥ ಖುಷಿ ನನಗೆ ಮಕ್ಕಳು ಹುಟ್ಟಿದಾಗಲೂ ಆಗಿರಲಿಲ್ಲ. ನಮ್ಮ ಕೈಯಿಂದ ಒಳ್ಳೆಯದೇ ಆಗುತ್ತದೆ ಅನ್ನುವ ನಂಬಿಕೆ ನನ್ನ ತಲೆಗೆ ಏರಿದ್ದು ಅಲ್ಲೇ.

ಸಿರುಗುಪ್ಪದ ಮನೆಯ ತೀರ್ಮಾನ ಅದಕ್ಕೂ ಮುಂಚೆಯೇ ಆಗಿತ್ತು. ಡಿಸೆಂಬರಿನಲ್ಲಿ ಭೀಮರಾಜ ಮತ್ತು ಇನ್ನಿಬ್ಬರು ನಮ್ಮ ಓಣಿಗೆ ಬಂದು ನೋಡಿ ಹೋಗಿದ್ದರು. ಹೋದ ಮಳೆಗಾಲದಲ್ಲಿ ನಮ್ಮವ್ವನ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ನಿಮ್ಮ ಮಣ್ಣಿನ ಮಾಳಿಗೆ ಮೂರು ಕಡೆ ಸೋರುತ್ತಿತ್ತು. ಒಂದು ಊರಿಗೆ ಒಂದೇ ಮನೆ ಅನ್ನುವುದು ಅವರ ಪದ್ಧತಿ. ನಾನೇ ತಂಡದವಳಾದ್ದರಿಂದ ನಮ್ಮವ್ವನ ಪರವಾಗಿ ಮಾತಾಡಲು ನಾಚಿಕೆಯಾಗಿ ಸುಮ್ಮನೆ ನಿಂತಿದ್ದೆ. ಓಣಿಯ ಮೂಲೆಯಲ್ಲಿ ಮಿರ್ಚಿ ಕರಿಯುತ್ತಿದ್ದ ಚಿಗವ್ವ ಅಲ್ಲಿಂದಲೇ ಕೂಗಿ ಹೇಳಿದಳು.

"ಅಕ್ಕಗ ಮೊದ್ಲು ಆಗ್ಲಪಾ. ಆಕಿ ದೊಡ್ಡಾಕಿ. ನಂದು ಮುಂದಿನ ವರ್ಷ ನೋಡಿದ್ರಾತು, ನಾನೇನು ಎಲ್ಲಿಗರ ಓಡಿ ಹೋಗ್ತೀನೇನು."

ಬಂದವರಿಗೆಲ್ಲ ಬಿಸಿ ಮಿರ್ಚಿ ಕೊಟ್ಟಳು, ದುಡ್ಡು ಮುಟ್ಟಲಿಲ್ಲ. ಯಾರನ್ನೂ ಹೊಗಳಿ ಗೊತ್ತಿಲ್ಲದ ನಮ್ಮವ್ವ, ಇವತ್ತು ಹಿಟ್ಟಿಗೆ ಉಪ್ಪು ಕಡಿಮೆಯಾಗಿದೆ ಅಂತ ಗೊಣಗಿದಳು. ಅದು ಅವಳು ಉಪಕಾರ ಸ್ಮರಿಸುವ ರೀತಿ ಅಂತ ನಿನಗೂ ಗೊತ್ತು, ಚಿಗವ್ವನಿಗೂ ಗೊತ್ತು.

ಈಗ ಗೋಡೆಯ ವಿಷಯ. ಇದನ್ನು ಮುಬಶೀರನಿಗೂ ಓದಿ ಹೇಳು, ಆದೋನಿಯಲ್ಲಿ ಬೆಳೆದ ಹುಡುಗ, ಅವನಿಗೆ ಗೊತ್ತಿರಲಿಕ್ಕಿಲ್ಲ. ಅವನ ಅಜ್ಜ ಇಮಾಮಸಾಬ್, ನಮ್ಮಪ್ಪ ಕೆಂಚಣ್ಣ, ಇಬ್ಬರೂ ಅಕ್ಕಿ ಮಿಲ್ಲಿನಲ್ಲಿ ಹಮಾಲರು. ಒಂದೇ ಬೇಸಿಗೆಯಲ್ಲಿ ಪಕ್ಕ ಪಕ್ಕ ಮನೆ ಕಟ್ಟಿದರು. ಎರಡು ಗೋಡೆ ಯಾಕೆ ದಂಡ ಅಂತ ನಡುವೆ ಒಂದೇ ದಪ್ಪ ಮಣ್ಣಿನ ಗೋಡೆ ಎಬ್ಬಿಸಿ, ಆ ಕಡೆಯಿಂದ ನಿಮ್ಮ ತೊಲೆ, ಈ ಕಡೆಯಿಂದ ನಮ್ಮ ತೊಲೆ ಅದರ ಮೇಲೇ ಊರಿದರು. ಒಲೆಯ ಪಕ್ಕ ಒಂದು ಕಿಂಡಿ ಬಿಟ್ಟರು. ಆ ಕಿಂಡಿಯಲ್ಲಿ ಕೆಂಡ ಹೋಯಿತು, ಉಪ್ಪು ಬಂತು, ಹಬ್ಬದ ಸಿಹಿ ಎರಡೂ ಕಡೆ ಓಡಾಡಿತು, ಜಗಳವಾದಾಗ ಬೈಗುಳವೂ ಅಲ್ಲಿಂದಲೇ. ಹಿತ್ತಲಿಗಂತೂ ಗೋಡೆಯೇ ಇರಲಿಲ್ಲ. ಯಾರ ಮನೆಯಲ್ಲಿ ಉಂಡೆವು, ಯಾರ ಕೌದಿಯಲ್ಲಿ ಮಲಗಿದೆವು ಅಂತ ನಾವಿಬ್ಬರೂ ಯಾವತ್ತೂ ನೋಡಲಿಲ್ಲ. ನಮ್ಮವ್ವ ನಿನಗೆ ದೊಡ್ಡವ್ವ, ನಿಮ್ಮಮ್ಮ ನನಗೆ ಚಿಗವ್ವ.

ಭೀಮರಾಜ ಗೋಡೆಯನ್ನು ತಟ್ಟಿ ನೋಡಿ, ಇದು ನಿಲ್ಲುವುದಿಲ್ಲ, ಇದನ್ನು ನಂಬಿ ಹೊಸ ಗೋಡೆ ಕೂಡಿಸಲಾಗದು ಅಂದ. ಹಳೆಯದನ್ನು ಇಳಿಸಿ ಇಟ್ಟಿಗೆಯ ಗೋಡೆ ಎಬ್ಬಿಸೋಣ, ಅದು ಎರಡೂ ಮನೆಗೆ ಆಗುತ್ತದೆ, ಅಲ್ಲಿಯವರೆಗೆ ಬಾನುಬೀ ಅಮ್ಮನ ತೊಲೆಗಳಿಗೆ ಕಂಬ ಕೊಟ್ಟು ನಿಲ್ಲಿಸೋಣ ಅಂದ. ಗೋಡೆ ಕಟ್ಟಲು ಬಂದಿದ್ದ ಗೌಂಡಿ ಜಡೆಪ್ಪನೂ ಹೂಂ ಅಂದ. ಕೇಳಲು ಹೋದವಳು ನಾನೇ. ಚಿಗವ್ವ ಕಡಲೆಹಿಟ್ಟು ಜರಡಿ ಹಿಡಿಯುತ್ತಿದ್ದಳು, ತಲೆಯನ್ನೂ ಎತ್ತಲಿಲ್ಲ.

"ಕಟ್ಟಿದೋರು ಇಬ್ರೂ ಹೋಗ್ಯಾರ. ಗೋಡಿ ಇಟ್ಕೊಂಡು ನಾನೇನು ಮಾಡ್ಲಿ, ಕೆಡವ್ರಿ," ಅಂದಳು.

ಅವಳನ್ನು ಕೇಳದೆ ಕೆಡವಿದೆವು ಅಂತ ಯಾರಾದರೂ ಹೇಳಿದ್ದರೆ ಅದು ಸುಳ್ಳು, ಇದೊಂದನ್ನು ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ.

ಕಂಬ ಕೊಟ್ಟರು. ಸರಿಯಾಗೇ ಕೊಟ್ಟರು. ತಪ್ಪಿದ್ದು ಬೇರೆ ಕಡೆ. ನೆನಪಿದೆಯಾ, ಮಿರಗದ ಮಳೆ ಹಿಡಿಯುವ ಮುಂಚೆ ನಾವಿಬ್ಬರೂ ಕಾಲುವೆ ಕಡೆಯಿಂದ ಚೌಳು ಮಣ್ಣು ಹೊತ್ತು ತರುತ್ತಿದ್ದೆವು. ಮಾಳಿಗೆಯ ಮೇಲೆ ಹಾಕಿ, ನೀರು ಚಿಮುಕಿಸಿ, ಬಡಿದು ಕೂರಿಸಿದರೆ ಆ ವರ್ಷ ಸೋರುವುದಿಲ್ಲ. ಪ್ರತಿ ವರ್ಷ ಹಳೆಯದರ ಮೇಲೆ ಹೊಸದು. ಹಳೆಯ ಮಣ್ಣನ್ನು ತೆಗೆದವರನ್ನು ನಮ್ಮ ಓಣಿಯಲ್ಲಿ ನಾನಂತೂ ನೋಡಿಲ್ಲ. ತೆಗೆದರೆ ಮನೆಗೆ ಒಳ್ಳೆಯದಲ್ಲ ಅಂತ ಹಿರಿಯರು ಬೇರೆ ಹೇಳುತ್ತಿದ್ದರು. ನಲವತ್ತು ಬೇಸಿಗೆಯ ಮಣ್ಣು ಆ ತೊಲೆಗಳ ಮೇಲೆ ಕೂತಿತ್ತು. ಒಂದೊಂದು ಬುಟ್ಟಿಯಾಗಿ ಹೊತ್ತ ನಮಗೆ ಒಟ್ಟು ಭಾರ ಎಷ್ಟಾಯಿತು ಅನ್ನುವುದು ಹೊಳೆಯಲಿಲ್ಲ. ಜಡೆಪ್ಪನ ಮನೆಯೂ ಅಂಥದೇ, ಅವನಿಗೂ ಹೊಳೆಯಲಿಲ್ಲ. ಹೊತ್ತೇ ಗೊತ್ತಿಲ್ಲದ ಭೀಮರಾಜನಿಗೆ ಹೊಳೆಯುವುದು ದೂರದ ಮಾತು.

ಗೋಡೆ ಇಳಿಸಿದ ಮರುದಿನ ಮಧ್ಯಾಹ್ನ ನಾವೆಲ್ಲ ನಮ್ಮ ಅರ್ಧ ಗೋಡೆಯ ನೆರಳಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದೆವು. ಮೊದಲು ಒಂದು ತೊಲೆ ಮುರಿದ ಸದ್ದು, ಆಮೇಲೆ ಸದ್ದೇ ಇಲ್ಲ, ಬರೀ ಧೂಳು. ಧೂಳು ಕೂರುವ ಮುಂಚೆಯೇ ನಮ್ಮವ್ವ ಬರಿಗಾಲಲ್ಲಿ ಆ ರಾಶಿಯ ಮೇಲೆ ಹತ್ತಿ ಎರಡೂ ಕೈಯಿಂದ ಮಣ್ಣು ಬಗೆಯುತ್ತಿದ್ದಳು. ಚಿಗವ್ವ ಮೆಣಸಿನಕಾಯಿ ತರಲು ಸಂತೆಗೆ ಹೋಗಿದ್ದಳು, ಅದು ನಮಗೆಲ್ಲ ಗೊತ್ತಿತ್ತು. ನಾನು ಕೂಗಿ ಹೇಳಿದೆ, ಭೀಮರಾಜ ತೋಳು ಹಿಡಿದು ಎಳೆದ, ಅವಳು ಯಾರ ಮಾತೂ ಕೇಳಲಿಲ್ಲ. ಉಗುರು ಕಿತ್ತು ರಕ್ತ ಬರುತ್ತಿತ್ತು. ಕೊನೆಗೆ ಚಿಗವ್ವನೇ ಚೀಲ ಹಿಡಿದುಕೊಂಡು ಬಂದು ಅವಳ ಬೆನ್ನ ಹಿಂದೆ ನಿಂತಳು.

"ಯಾರನ್ನ ಹುಡುಕಾಕತ್ತಿ ಅಕ್ಕಾ? ನಾನಿಲ್ಲೇ ಅದೀನಿ."

ಅವ್ವ ಅಲ್ಲೇ ಕುಸಿದು ಕೂತಳು. ಹೇಳದೆ ಕೇಳದೆ ಸಂತೆಗೆ ಯಾಕೆ ಹೋದೆ ಅಂತ ಬಾಯಿಗೆ ಬಂದ ಹಾಗೆ ಬೈದಳು. ಚಿಗವ್ವ ಪಕ್ಕದಲ್ಲಿ ಕೂತು ಬೈಸಿಕೊಂಡಳು. ಆಮೇಲೆ ಇಬ್ಬರೂ ಅತ್ತರು. ಬಿದ್ದ ಮಾಳಿಗೆಯ ಮೇಲೆ ಕೂತು ಅತ್ತ ಆ ಇಬ್ಬರನ್ನು ನೋಡಿ, ಇವರ ನಡುವೆ ಏನೂ ಕೆಡುವುದಿಲ್ಲ ಬಿಡು ಅಂತ ನಾನು ಅಂದುಕೊಂಡೆ.

ಅಂದು ಸಂಜೆ ತಂಡದವರು ಕೂಡಿ ಕೂತರು. ರಾಯಚೂರಿನಲ್ಲಿ ಇನ್ನೊಂದು ಮನೆ ಕಾಯುತ್ತಿತ್ತು, ಹೊರಡುವ ದಿನ ಗೊತ್ತಾಗಿತ್ತು. ಎರಡನ್ನೂ ಅರ್ಧರ್ಧ ಕಟ್ಟಿ ಹೋಗುವುದೋ, ಮಾತು ಕೊಟ್ಟ ಒಂದನ್ನು ಮುಗಿಸಿ ಹೋಗುವುದೋ ಅಂತ ಜಗಳವೇ ಆಯಿತು. ಮುಗಿಸಿಯೇ ಹೋಗೋಣ ಅಂತ ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ನನ್ನ ಮೇಲೆ ಉಗಿಯಬೇಕು ಅಂದರೆ ಇದಕ್ಕೆ ಉಗಿ, ಒಪ್ಪುತ್ತೇನೆ. ಭೀಮರಾಜ ಮಾತ್ರ ಬೀದರಿಗೆ ಹೋಗುವುದಿಲ್ಲ, ಇಲ್ಲೇ ಉಳಿದು ಭಾನುವಾರ ಭಾನುವಾರ ಬಂದು ಬಾನುಬೀ ಅಮ್ಮನ ಮನೆ ಎಬ್ಬಿಸಿಕೊಡುತ್ತೇನೆ ಅಂದ. ನಾವು ಮಣ್ಣು ಸರಿಸಿ, ನಿಮ್ಮ ಪಾತ್ರೆ ಪಗಡೆ, ಟ್ರಂಕು ಹೊರಗೆ ತೆಗೆದು, ತಾಡಪತ್ರಿ ಕಟ್ಟಿಕೊಟ್ಟೆವು. ಒಂದು ವಾರ ಬಿಟ್ಟು ನಮ್ಮವ್ವನ ಮನೆ ಮುಗಿಯಿತು. ಸಂಜೆ ಹಾಲು ಉಕ್ಕಿಸಿದೆವು. ತೆಕ್ಕಲಕೋಟೆಯಿಂದ ಪಾಲಯ್ಯ ಮಾವ, ಅವರ ಬಳಗ ಎಲ್ಲ ಬಂದಿದ್ದರು. ಆ ಸಂಜೆಯ ವಿಷಯ ಇಲ್ಲಿ ಬೇಡ.

ಮರುದಿನ ಬೆಳಿಗ್ಗೆ ತಂಡವನ್ನು ಬೀಳ್ಕೊಡಲು ಹೊಳೆಯ ಸೇತುವೆವರೆಗೆ ನಾನೂ ತುಳಿದುಕೊಂಡು ಹೋದೆ. ಹಿಂದಿರುಗಿ ಬರುವಷ್ಟರಲ್ಲಿ ತಾಡಪತ್ರಿ ಮಡಿಚಿ ಇಟ್ಟಿತ್ತು, ಮಿರ್ಚಿ ಬಾಣಲೆ ತೊಳೆದು ಬೋರಲು ಹಾಕಿತ್ತು. ಮಗಳು ಆದೋನಿ ಬಸ್ಸಿಗೆ ಬಂದಳು, ಅದೇ ಬಸ್ಸು ತಿರುಗಿ ಹೋಗುವಾಗ ಕರೆದುಕೊಂಡು ಹೋದಳು ಅಂದರು. ನೀನು ನಮ್ಮ ಮನೆ ಕಡೆ ತಿರುಗಿಯೂ ನೋಡಲಿಲ್ಲವಂತೆ, ಒಂದು ಲೋಟ ನೀರೂ ಕೇಳಲಿಲ್ಲವಂತೆ. ನನಗೆ ಸಿಟ್ಟು ಬಂತು ಶಬ್ಬು. ತಾಯಿಯನ್ನು ಕರೆದುಕೊಂಡು ಹೋದದ್ದಕ್ಕಲ್ಲ, ಹೆತ್ತ ತಾಯಿಯನ್ನು ಹಾಗೆ ನೋಡಿದ ಯಾವ ಮಗಳೂ ಅದನ್ನೇ ಮಾಡುತ್ತಾಳೆ. ನನಗಾಗಿ ಅರ್ಧ ತಾಸು ಕಾದು, ಮುಖಕ್ಕೆ ಎರಡು ಬಾರಿಸಿ ಹೋಗಬೇಕಿತ್ತು. ಬಾರಿಸಿಕೊಂಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಈಗಿನ ಸುದ್ದಿ ಕೇಳು. ಭೀಮರಾಜ ಮಾತು ಉಳಿಸಿಕೊಂಡಿದ್ದಾನೆ. ಪ್ರತಿ ಭಾನುವಾರ ಅವನು ಕುಡತಿನಿಯಿಂದ, ನಾವು ಕೋಟೆ ಗುಡ್ಡದ ಹೆಂಗಸರು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಸೈಕಲ್ ತುಳಿದುಕೊಂಡು ಹೋಗುತ್ತೇವೆ. ಯಾವ ತಂಡದ ಬಾವುಟವೂ ಇಲ್ಲ, ಫೋಟೋದವರೂ ಇಲ್ಲ. ನಡುಗೋಡೆ ಆಗಲೇ ಎದ್ದಿತ್ತು, ಉಳಿದ ಮೂರೂ ಈಗ ಎದ್ದಿವೆ, ಬರುವ ಭಾನುವಾರ ತಗಡು ಹೊದಿಸುತ್ತೇವೆ. ಇನ್ನು ಆ ಮನೆಯ ಮೇಲೆ ಯಾರೂ ಮಣ್ಣು ಹೊರುವ ಹಾಗಿಲ್ಲ. ಹೊಸ ನಡುಗೋಡೆಗೆ ಒಲೆಯ ಪಕ್ಕ ಕಿಂಡಿ ಕೊರೆಯಲೋ ಬೇಡವೋ ಅಂತ ಜಡೆಪ್ಪ ಅವ್ವನನ್ನು ಕೇಳಿದ. ಅವಳು ಎದ್ದು ಹಿತ್ತಲಿಗೆ ಹೋದಳು. ಬೇಡ ಅನ್ನಲಿಲ್ಲವಲ್ಲ ಅಂತ ಅವನು ಕೊರೆದಿದ್ದಾನೆ.

ನನಗೆ ಚಿಂತೆ ಅವ್ವನದೇ. ಹೊಸ ಮನೆ, ಟೈಲ್ಸ್ ನೆಲ, ಗೋಡೆಗೆ ಸೈಕಲ್ ಹುಡುಗಿಯರು ಬಳಿದ ತಿಳಿ ಹಳದಿ ಬಣ್ಣ, ಎಲ್ಲ ಇದೆ. ಅವಳು ಮಲಗುವುದು ಹೊರಗಿನ ಕಟ್ಟೆಯ ಮೇಲೆ. ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುತ್ತಾಳೆ. ಯಾಕವ್ವಾ ಅಂದರೆ ಒಳಗೆ ಧಗೆ ಅನ್ನುತ್ತಾಳೆ. ಮಾಘ ಮಾಸದಲ್ಲಿ ಎಂಥ ಧಗೆ. ಮಿಲ್ಲಿಗೆ ಹೋಗುತ್ತಾಳೆ, ನುಚ್ಚು ಕೇರುತ್ತಾಳೆ, ಬರುತ್ತಾಳೆ, ಒಬ್ಬರ ಜೊತೆಯೂ ಮಾತಿಲ್ಲ. ಅವಳ ಬಾಯಿ ಮುಚ್ಚಿದ್ದನ್ನು ಯಾರಾದರೂ ಕಂಡಿದ್ದಾರಾ. ಸಂಜೆ ಓಣಿಯ ಮೂಲೆಯಲ್ಲಿ ಎಣ್ಣೆಯ ವಾಸನೆ ಬರುತ್ತಿದ್ದ ಹೊತ್ತಿಗೆ ಎದ್ದು ಒಂದು ಸಲ ಅಲ್ಲಿಯವರೆಗೆ ಹೋಗಿ ಬರುತ್ತಾಳೆ, ಅಲ್ಲಿ ಯಾರೂ ಇಲ್ಲ ಅಂತ ಗೊತ್ತಿದ್ದೂ. ತುಂಬಾ ಇಳಿದುಹೋಗಿದ್ದಾಳೆ. ನನ್ನ ಮೇಲಿನ ಸಿಟ್ಟನ್ನು ನನ್ನ ಮೇಲೆ ಇಟ್ಟುಕೋ, ಚಿಗವ್ವನನ್ನು ಕಳಿಸು. ಅವಳು ಬಂದರೆ ಇವಳು ಉಣ್ಣುತ್ತಾಳೆ.

ಮುಬಶೀರನಿಗೆ ಹತ್ತನೇ ತರಗತಿಯ ಪರೀಕ್ಷೆ ಹತ್ತಿರ ಬಂತು, ಹೆದರಬೇಡ ಅಂತ ಹೇಳು. ದೇವರು ಅವನ ಕೈಗೆ ಒಳ್ಳೆಯ ಅಕ್ಷರ, ತಲೆಗೆ ಒಳ್ಳೆಯ ನೆನಪು ಕೊಡಲಿ. ನಿನ್ನ ಮನೆಯವರ ವ್ಯಾಪಾರ ಚೆನ್ನಾಗಿ ನಡೆಯಲಿ. ಉಪವಾಸದ ತಿಂಗಳು ನಿಮಗೆಲ್ಲ ಸಲೀಸಾಗಿ ಸಾಗಲಿ. ಚಿಗವ್ವನ ಕಾಲಿಗೆ ನನ್ನ ಪರವಾಗಿ ಎಣ್ಣೆ ಹಚ್ಚಿ ತಿಕ್ಕು. ನಿನಗೆ ಏನು ಹಾರೈಸಲಿ, ನಿನ್ನ ಸಿಟ್ಟು ಇಳಿಯಲಿ ಅಂತ ಹಾರೈಸಿದರೆ ಅದು ನನಗೇ ಹಾರೈಸಿಕೊಂಡ ಹಾಗೆ. ಆರೋಗ್ಯವಾಗಿರು.

ನಿನ್ನವಳೇ ಆದ,
ಪಂಪಿ

ತಾ.ಕ.: ಕಾಗದ ಮಡಿಚಿ ಲಕೋಟೆಗೆ ಹಾಕಿದ್ದೆ, ಮತ್ತೆ ತೆಗೆದೆ. ಆ ಸಂಜೆಯ ವಿಷಯ ಬೇಡ ಅಂದಿದ್ದೆನಲ್ಲ, ಅದನ್ನು ಬರೆಯದಿದ್ದರೆ ಮೇಲೆ ಬರೆದದ್ದೆಲ್ಲ ಬಿರುಕಿಗೆ ಸುಣ್ಣ ಬಳಿದ ಹಾಗಾಗುತ್ತದೆ.

ಹಾಲು ಉಕ್ಕಿಸಿದ ಹೊತ್ತಿಗೆ ಮನೆ ತುಂಬಾ ಜನ. ಚಿಗವ್ವ ಸ್ನಾನ ಮಾಡಿ, ಹೋದ ಈದಿಗೆ ನೀನು ಕೊಡಿಸಿದ ಹಸಿರು ಸೀರೆ ಉಟ್ಟು, ತಟ್ಟೆಯಲ್ಲಿ ಸಕ್ಕರೆ, ಬಿಸಿ ಮಿರ್ಚಿ ಹಿಡಿದುಕೊಂಡು ಬಂದಳು. ತಾಡಪತ್ರಿಯ ಕೆಳಗೆ ಕೂತು ನಮಗಾಗಿ ಕರಿದದ್ದು. ಹೊಸ್ತಿಲಿನ ಹೊರಗೆ ನಿಂತಳು. ತಂಡದ ಹುಡುಗಿಯೊಬ್ಬಳು ಥ್ಯಾಂಕ್ಸ್ ಅಮ್ಮಾ ಅಂತ ತಟ್ಟೆ ಇಸಿದುಕೊಂಡು ಒಳಗೆ ತಂದಳು. ಚಿಗವ್ವ ತಲೆಯ ಮೇಲೆ ಸೆರಗು ಎಳೆದುಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಳು. ಒಲೆಯ ಮುಂದಿದ್ದ ಅವ್ವ ಅವಳನ್ನು ನೋಡಿದಳು. ನಾನೂ ನೋಡಿದೆ. ಮತ್ತೆ ತಿರುಗಿದಾಗ ಅವಳು ಇರಲಿಲ್ಲ.

ಜನ ಹೋದ ಮೇಲೆ ಅವ್ವ ತನ್ನ ಕೌದಿ ಹಾಸಿದಳು. ಪಕ್ಕದಲ್ಲಿ ಇನ್ನೊಂದು ಹಾಸಿದಳು. ಯಾರಿಗೆ ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ, ಹೇಳುವ ಮಾತೇ ಅಲ್ಲ ಅದು. ಬಾಗಿಲು ತೆರೆದೇ ಇಟ್ಟಳು. ಬೆಳಗಾದರೂ ಆ ಕೌದಿ ಹಾಸಿದ ಹಾಗೇ ಇತ್ತು. ಮಾಳಿಗೆ ಬಿದ್ದ ಸಿಟ್ಟು ಇನ್ನೂ ಇಳಿದಿಲ್ಲ ಅಂತ ಅವ್ವ ಅಂದುಕೊಂಡಳು, ನಾನೂ ಅದನ್ನೇ ಅಂದುಕೊಂಡೆ.

ಮೊನ್ನೆ ಭಾನುವಾರ ಊಟಕ್ಕೆ ಕೂತಾಗ ಭೀಮರಾಜ ಮಾತಿಗೆ ಮಾತು ಬಂದು ಹೇಳಿದ. ಆ ಸಂಜೆ ಚಿಗವ್ವ ಒಬ್ಬಳೇ ತಾಡಪತ್ರಿಯ ಕೆಳಗೆ ಕೂತದ್ದನ್ನು ನೋಡಿ, ಒಳಗೆ ಯಾಕೆ ಹೋಗಲಿಲ್ಲ ಅಂತ ಅವನು ಕೇಳಿದ್ದನಂತೆ. ಅದಕ್ಕೆ ಅವಳು, "ಹಳೀ ಮನಿಗೆ ಕರೀದೇ ಹೋಗ್ತಿದ್ದೆ ತಮ್ಮಾ. ಇದು ಹೊಸಾ ಮನಿ, ನಾಕು ಮಂದಿ ಬಂದಾರ. ಅಕ್ಕ ಬಾ ಅಂದ್ರ ಹೋಗ್ತೀನಿ" ಅಂದಳಂತೆ. ಬೇರೆ ಊರ ಹುಡುಗ, ಇದು ಈ ಕಡೆಯ ರಿವಾಜು ಇರಬೇಕು ಅಂದುಕೊಂಡು ಸುಮ್ಮನಾಗಿದ್ದ.

ತಪ್ಪನ್ನು ಪಾಲಯ್ಯ ಮಾವನ ಮೇಲೆ ಹಾಕೋಣ ಅಂತ ನಾನು ಬಹಳ ಹುಡುಕಿದೆ. ಅವರು ಮಡಿ ಮೈಲಿಗೆ ಅಂತ ಗೊಣಗುವ ಮನುಷ್ಯ, ಏನಾದರೂ ಅಂದಿರಬಹುದು ಅಂತ. ಅವರು ಅವಳನ್ನು ನೋಡಿಯೇ ಇರಲಿಲ್ಲ. ಅವಳನ್ನು ಯಾರೂ ಬೇಡ ಅನ್ನಲಿಲ್ಲ ಶಬ್ಬು. ಯಾರೂ ಬಾ ಅನ್ನಲೂ ಇಲ್ಲ.

ಅವ್ವನಿಗೆ ಹೇಳಿದೆ. ಹೇಳಬಾರದಿತ್ತೇನೋ. ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಆಕೀನ ಬಾ ಅನ್ನೋದು ಹೆಂಗಲೇ? ನಲವತ್ತು ವರ್ಷದಾಗ ಒಮ್ಮೇನೂ ಕರೆದಿಲ್ಲ ನಾನು. ನನಗ ಬರಂಗಿಲ್ಲ."

ಆಮೇಲೆ ಆದೋನಿ ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದಳು. ಅಮಾವಾಸ್ಯೆಯ ಮರುದಿನ, ಶುಕ್ರವಾರ, ಮೊದಲ ಬಸ್ಸಿಗೆ ಹೊರಡುತ್ತಾಳೆ. ನಾನೂ ಬರುತ್ತೇನೆ ಅಂದರೆ ಬೇಡ ಅಂದಳು. ನಿನ್ನ ಮದುವೆಗೆ ಬಂದದ್ದೇ ಕೊನೆ, ದಾರಿ ಕೇಳಿಕೊಂಡು ಬರುತ್ತಾಳೆ. ಶಬ್ಬು ಮನೆಗೆ ನೀನು ನೆಟ್ಟಗೆ ಒಳಗೆ ಹೋಗು, ಅದು ನಿನ್ನ ಮಗಳ ಮನೆ ಅಂತ ನಾನು ಹೇಳಿ ನೋಡಿದೆ. "ಆಕಿನೂ ಹೊರಗ ನಿಂತಿದ್ಲಲ್ಲ, ನಾನೂ ನಿಂದರ್ತೀನಿ" ಅಂದಳು. ನಿನ್ನ ಹೊಸ್ತಿಲ ಹೊರಗೆ ನಿಂತಿರುತ್ತಾಳೆ. ಕರೆಯುವುದು ಬಿಡುವುದು ನಿನಗೂ ಚಿಗವ್ವನಿಗೂ ಬಿಟ್ಟದ್ದು. ಕಾಲಿನಲ್ಲಿ ಶಕ್ತಿಯಿಲ್ಲ ಅವಳಿಗೆ, ಆದರೂ ಕರೆಯುವವರೆಗೆ ಕೂರುವುದಿಲ್ಲ.